ಕರೆಂಟ್ ಹೋದಾಗ ಕೇಳಬೇಕಾದ್ದು ಘಟಕವಾರು ಲೆಕ್ಕ

ಮಾನ್ಯ ಸಂಪಾದಕರೇ,

ಮಳೆ ಕೈಕೊಟ್ಟು ಲೋಡ್ ಶೆಡ್ಡಿಂಗ್ ಶುರುವಾದ ವರ್ಷಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಹೆಸರು ನಮ್ಮ ಚರ್ಚೆಗಳಲ್ಲಿ ತಪ್ಪದೆ ಬರುತ್ತದೆ. ‘ವಿದ್ಯುತ್ತನ್ನು ಖಾಸಗಿಯವರಿಗೆ ಕೊಟ್ಟು ಕೆಟ್ಟರು’ ಎಂದು ಒಬ್ಬರು, ‘ಬಿಲ್ ಏರಿಸಲು ಹೆದರಿ ಕೆಟ್ಟರು’ ಎಂದು ಇನ್ನೊಬ್ಬರು. 2000-01ರಲ್ಲಿ ಅಲ್ಲಿ ವಿದ್ಯುತ್ ಬೆಲೆ ಗಗನಕ್ಕೇರಿ ಕರೆಂಟ್ ಹೋದದ್ದನ್ನು ಲೆಕ್ಕವಿಟ್ಟು ನೋಡಿದರೆ ಎರಡೂ ಅರ್ಧ ಸತ್ಯ. ಉಳಿದರ್ಧ ಇದ್ದದ್ದು ಹರಾಜಿನ ನಿಯಮಗಳಲ್ಲಿ.

1996ರಲ್ಲಿ ಅಲ್ಲಿನ ಶಾಸನಸಭೆ ಒಂದೂ ವಿರೋಧ ಮತವಿಲ್ಲದೆ ಹೊಸ ವಿದ್ಯುತ್ ಕಾಯ್ದೆಯನ್ನು ಅಂಗೀಕರಿಸಿತು. ಎರಡೂ ಪಕ್ಷ ಕೈ ಎತ್ತಿದ್ದವು, ಸಹಿ ಹಾಕಿದ್ದು ರಿಪಬ್ಲಿಕನ್ ಗವರ್ನರ್ ಪೀಟ್ ವಿಲ್ಸನ್. ದೊಡ್ಡ ವಿತರಣಾ ಕಂಪನಿಗಳು ತಮ್ಮ ಅನಿಲ ಸ್ಥಾವರಗಳಲ್ಲಿ ಬಹುಪಾಲನ್ನು ಮಾರಿದವು. 1998ರಿಂದ ಅವು ಬೇಕಾದ ವಿದ್ಯುತ್ತನ್ನು ಪವರ್ ಎಕ್ಸ್‌ಚೇಂಜ್‌ನ ದಿನದ ಹರಾಜಿನಲ್ಲೇ ಕೊಳ್ಳಬೇಕಾಯಿತು. ದೀರ್ಘಾವಧಿ ಒಪ್ಪಂದಕ್ಕೆ ಹೆಚ್ಚುಕಡಿಮೆ ಬಾಗಿಲೇ ಮುಚ್ಚಿತ್ತು. ಇತ್ತ ಮನೆಬಳಕೆದಾರರ ದರವನ್ನು ಶೇ 10ರಷ್ಟು ಇಳಿಸಿ ಅಲ್ಲಿಗೇ ಕಟ್ಟಿಹಾಕಲಾಗಿತ್ತು. ಕೊಳ್ಳುವ ಬೆಲೆ ಸಂತೆಯದ್ದು, ಮಾರುವ ಬೆಲೆ ಸರ್ಕಾರದ್ದು. ಇಂಥ ಅಂಗಡಿ ಎಷ್ಟು ದಿನ ನಡೆದೀತು?

ಆ ಹರಾಜಿನಲ್ಲಿ ಬೇಡಿಕೆ ತುಂಬಿಸುವ ಕಟ್ಟಕಡೆಯ ಸ್ಥಾವರ ಕೂಗಿದ ಬೆಲೆಯೇ ಎಲ್ಲರಿಗೂ ಸಿಗುತ್ತದೆ. ಒಂದು ಉದಾಹರಣೆ ಹಾಕಿ ನೋಡೋಣ. ತಲಾ 100 ಮೆಗಾವಾಟ್‌ನ ಹತ್ತು ಘಟಕ ಇರುವ ಕಂಪನಿಯೊಂದಕ್ಕೆ ಮೆಗಾವಾಟ್ ಗಂಟೆಗೆ 50 ಡಾಲರ್ ಬೆಲೆಯಿದ್ದಾಗ ತಾಸಿಗೆ 50,000 ಡಾಲರ್ ಬರುತ್ತದೆ. ಬಿಗಿ ದಿನದಲ್ಲಿ ಒಂದು ಘಟಕ ‘ಕೆಟ್ಟಿದೆ’ ಎಂದು ನಿಲ್ಲಿಸಿ, ಅದರಿಂದ ಬೆಲೆ 150ಕ್ಕೆ ಏರಿತು ಅನ್ನಿ. ಉಳಿದ 900 ಮೆಗಾವಾಟ್‌ಗೆ 1,35,000 ಡಾಲರ್. ಕಡಿಮೆ ಉತ್ಪಾದಿಸಿ ಎರಡೂವರೆ ಪಟ್ಟಿಗಿಂತ ಹೆಚ್ಚು ಗಳಿಕೆ. ಇದಕ್ಕೆ ಬೇರೆಯವರ ಜೊತೆ ಸೇರಿ ಪಿತೂರಿ ಮಾಡಬೇಕಿಲ್ಲ. ಸ್ಥಾವರ ಕೆಟ್ಟಿದೆ ಎಂಬ ಒಂದು ಸಾಲಿನ ವರದಿ ಸಾಕು.

1999ರ ಡಿಸೆಂಬರ್‌ನಲ್ಲಿ ಸರಾಸರಿ 30 ಡಾಲರ್ ಆಸುಪಾಸು ಇದ್ದ ಬೆಲೆ ಮರುವರ್ಷದ ಡಿಸೆಂಬರ್‌ನಲ್ಲಿ 370 ದಾಟಿತು. ಕಾರಣಗಳೆಲ್ಲ ಸುಳ್ಳಲ್ಲ. ವಾಯವ್ಯ ರಾಜ್ಯಗಳ ಜಲಾಶಯಗಳಲ್ಲಿ ಸಾಕಷ್ಟು ನೀರಿರಲಿಲ್ಲ. 2000ದ ಆಗಸ್ಟ್‌ನಲ್ಲಿ ನ್ಯೂ ಮೆಕ್ಸಿಕೊದ ಕಾರ್ಲ್ಸ್‌ಬ್ಯಾಡ್ ಬಳಿ ಅನಿಲ ಕೊಳವೆ ಸ್ಫೋಟಿಸಿ 12 ಜನ ಸತ್ತರು, ಅನಿಲ ಪೂರೈಕೆ ಬಿಗಿಯಾಯಿತು. ಆದರೆ ಕತ್ತಲು ಕವಿದದ್ದು 2001ರ ಜನವರಿ 17ರಂದು, ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಸುಮಾರು 45 ಸಾವಿರ ಮೆಗಾವಾಟ್ ಹೊತ್ತಿದ್ದ ಜಾಲ ಆಗ 30 ಸಾವಿರದ ಆಸುಪಾಸಿನಲ್ಲೇ ಕುಸಿಯಿತು. 10 ಸಾವಿರ ಮೆಗಾವಾಟ್‌ಗೂ ಹೆಚ್ಚು ಸಾಮರ್ಥ್ಯ ‘ದುರಸ್ತಿ’ಯಲ್ಲಿತ್ತು. ಬೇಸಿಗೆಯಿಡೀ ಬಿಡುವಿಲ್ಲದೆ ಓಡಿದ ಹಳೆಯ ಯಂತ್ರಗಳು ನಿಜಕ್ಕೂ ಕೆಡುತ್ತವೆ. ಯಾವುದು ಕೆಟ್ಟಿತ್ತು, ಯಾವುದನ್ನು ಕೆಡಿಸಲಾಗಿತ್ತು ಎಂದು ಬೇರ್ಪಡಿಸುವುದೇ ತನಿಖೆಯ ತಲೆನೋವಾಯಿತು.

ವಿದ್ಯುತ್ ವ್ಯಾಪಾರ ಮಾಡುತ್ತಿದ್ದ ಅಮೆರಿಕದ ಕಂಪನಿ ಎನ್ರಾನ್‌ನ ವರಸೆ ಬೇರೆ. ಪಕ್ಕದ ಮಹಾರಾಷ್ಟ್ರದ ದಾಭೋಳ್ ವಿದ್ಯುತ್ ಸ್ಥಾವರದಿಂದ ಈ ಹೆಸರು ನಮಗೆ ಹೊಸದೇನಲ್ಲ. ಅದರ ವಕೀಲರು 2000ದ ಡಿಸೆಂಬರ್‌ನಲ್ಲಿ ಬರೆದ ಟಿಪ್ಪಣಿಯನ್ನು ಅಮೆರಿಕದ ಕೇಂದ್ರ ಇಂಧನ ನಿಯಂತ್ರಣ ಆಯೋಗ 2002ರ ಮೇನಲ್ಲಿ ಬಯಲು ಮಾಡಿತು. 2000ದ ಡಿಸೆಂಬರ್ ಮೊದಲ ವಾರದವರೆಗೆ ಕ್ಯಾಲಿಫೋರ್ನಿಯಾದೊಳಗೆ ಬೆಲೆಗೆ 250 ಡಾಲರ್‌ಗಳ ಬಿಗಿ ಮಿತಿ ಇತ್ತು. ಡಿಸೆಂಬರ್ 5ರಂದು ಹೊರಗಿನ ವಾಯವ್ಯ ಮಾರುಕಟ್ಟೆಯಲ್ಲಿ ಬೆಲೆ 1,200ಕ್ಕೆ ಮುಟ್ಟಿತ್ತು. ಕತ್ತಲಾಗುತ್ತಿದ್ದ ರಾಜ್ಯದಿಂದಲೇ ಕೊಂಡು ಹೊರಗೆ ಸಾಗಿಸಬಹುದಿತ್ತು. ‘ರಿಕೊಶೆ’ ಎಂಬ ತಂತ್ರದಲ್ಲಿ ಅದೇ ವಿದ್ಯುತ್ತನ್ನು ಕಾಗದದ ಮೇಲೆ ಗಡಿ ದಾಟಿಸಿ, ಆಮದು ಎಂದು ಹೆಸರಿಟ್ಟು ತಿರುಗಿ ತರುತ್ತಿದ್ದರು, ಏಕೆಂದರೆ ಕೊನೆಗಳಿಗೆಯ ಆಮದಿಗೆ ಮಿತಿ ಅನ್ವಯಿಸುತ್ತಿರಲಿಲ್ಲ. ‘ಡೆತ್ ಸ್ಟಾರ್’ ಇನ್ನೂ ಸೊಗಸು. ಮಾರ್ಗದಲ್ಲಿ ದಟ್ಟಣೆ ಇದ್ದಾಗ ಎದುರು ದಿಕ್ಕಿಗೆ ವಿದ್ಯುತ್ ಹರಿಸುವವರಿಗೆ ಹಣ ಸಿಗುತ್ತದೆ. ದಕ್ಷಿಣದ ಲೇಕ್ ಮೀಡ್‌ನಿಂದ ಉತ್ತರದ ಆರಿಗನ್ ಗಡಿಗೆ ಹರಿಸುತ್ತೇವೆ ಎಂದು ಬರೆಸಿ, ರಾಜ್ಯದ ಜಾಲಕ್ಕೆ ಕಾಣದ ಹೊರಗಿನ ಮಾರ್ಗದಲ್ಲಿ ಅಷ್ಟನ್ನೇ ಲೇಕ್ ಮೀಡ್‌ಗೆ ವಾಪಸ್ ಬರೆಸುವುದು. ಲಾರಿ ಗ್ಯಾರೇಜು ಬಿಟ್ಟು ಹೊರಡಲೇ ಇಲ್ಲ, ಬಾಡಿಗೆ ಬಿಲ್ ಪಾಸಾಯಿತು!

ಇಷ್ಟೆಲ್ಲ ನಡೆಯುವಾಗ ರಾಜಕಾರಣಿಗಳು ಏನು ಹೇಳುತ್ತಿದ್ದರು? ಡೆಮಾಕ್ರಾಟ್ ಗವರ್ನರ್ ಗ್ರೇ ಡೇವಿಸ್ ಹೊರರಾಜ್ಯದ ಉತ್ಪಾದಕರತ್ತ ಬೆರಳು ತೋರಿಸಿದರು, ಬಿಲ್ ಏರಿಸುವ ಮಾತನ್ನು ತಿಂಗಳುಗಟ್ಟಲೆ ಮುಂದೂಡಿದರು. ವಾಷಿಂಗ್ಟನ್‌ನ ಬುಷ್ ಸರ್ಕಾರ, ರಾಜ್ಯ ಸ್ಥಾವರ ಕಟ್ಟದೇ ಇದ್ದದ್ದೇ ತಪ್ಪು, ಬೆಲೆ ಮಿತಿ ಪರಿಹಾರವಲ್ಲ ಎಂದಿತು. ಬೆರಳು ತೋರಿಸುವ ಈ ಆಟದ ನಡುವೆ 2001ರ ಏಪ್ರಿಲ್ 6ರಂದು ದೊಡ್ಡ ವಿತರಣಾ ಕಂಪನಿ ಪಿಜಿ ಅಂಡ್ ಇ ದಿವಾಳಿ ಅರ್ಜಿ ಹಾಕಿತು. ದುಡ್ಡಿಲ್ಲದ ವಿತರಣಾ ಕಂಪನಿಗಳ ಬದಲಿಗೆ ರಾಜ್ಯದ ಜಲಸಂಪನ್ಮೂಲ ಇಲಾಖೆಯೇ ವಿದ್ಯುತ್ ಕೊಳ್ಳಲು ಕೂತು, ಬೆಲೆ ನೆತ್ತಿಗೇರಿದ್ದಾಗಲೇ ಸುಮಾರು 4,300 ಕೋಟಿ ಡಾಲರ್‌ಗಳ ದೀರ್ಘಾವಧಿ ಒಪ್ಪಂದ ಮಾಡಿಕೊಂಡಿತು. ಜೂನ್ 19ರಂದು ಕೇಂದ್ರ ಆಯೋಗ ಇಡೀ ಪಶ್ಚಿಮಕ್ಕೆ ಬೆಲೆ ನಿಯಂತ್ರಣ ಹೇರಿದಾಗ, ಹೊರಗೆ ಹೋಗಿ ಒಳಗೆ ಬರುವ ಕಿಂಡಿ ಮುಚ್ಚಿತು. ಬೇಡಿಕೆ ಇಳಿದದ್ದು, ಅನಿಲ ಅಗ್ಗವಾದದ್ದೂ ಸೇರಿ ಬೆಲೆ ಆ ಬೇಸಿಗೆಯಲ್ಲೇ ಕುಸಿಯಿತು. 2003ರಲ್ಲಿ ಮತದಾರರು ಡೇವಿಸ್ ಅವರನ್ನು ಮನೆಗೆ ಕಳಿಸಿದರು.

ಲಾಸ್ ಏಂಜಲೀಸ್ ನಗರಾಡಳಿತದ ವಿದ್ಯುತ್ ಸಂಸ್ಥೆ ಈ ಸಂತೆಗೆ ಸೇರಿರಲಿಲ್ಲ, ಸ್ಥಾವರಗಳನ್ನು ಮಾರಿರಲಿಲ್ಲ, ಅಲ್ಲಿ ಕತ್ತಲಾಗಲಿಲ್ಲ. ಆದರೆ ಹೆಚ್ಚುವರಿ ವಿದ್ಯುತ್ತನ್ನು ಅದೂ ರಾಜ್ಯಕ್ಕೆ ದುಬಾರಿಯಾಗಿಯೇ ಮಾರಿತು. ‘ಸರ್ಕಾರಿ ಎಂದರೆ ಸಾಧು’ ಎನ್ನುವವರು ಇದನ್ನು ಮರೆಯುತ್ತಾರೆ.

ನಮ್ಮ ಸ್ಥಿತಿ ಅಷ್ಟು ಬಯಲಿಗೆ ಬಿದ್ದಿಲ್ಲ. ಇಲ್ಲಿ ಬಹುಪಾಲು ವಿದ್ಯುತ್ ದೀರ್ಘಾವಧಿ ಖರೀದಿ ಒಪ್ಪಂದದಲ್ಲಿ ಬರುತ್ತದೆ. ಹರಾಜು ನಡೆಯುವ ವಿದ್ಯುತ್ ವಿನಿಮಯ ಕೇಂದ್ರದ ಪಾಲು ಚಿಕ್ಕದು. ದಿನದ 96 ಕಾಲುಗಂಟೆ ಬ್ಲಾಕ್‌ಗಳಿಗೂ ಬೇರೆ ಬೇರೆ ಹರಾಜು, 2023ರ ಏಪ್ರಿಲ್‌ನಲ್ಲಿ ಯೂನಿಟ್‌ಗೆ ₹10ರ ಮಿತಿ ಹಾಕಲಾಯಿತು. ಆದರೂ ಬರ ಬಂದ 2023ರ ಅಕ್ಟೋಬರ್‌ನಲ್ಲಿ ಪಂಪ್‌ಸೆಟ್‌ಗೆ 7 ತಾಸಿನ ತ್ರೀಫೇಸ್ 5 ತಾಸಿಗೆ ಇಳಿದಾಗ, ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ಖಾಸಗಿ ಉತ್ಪಾದಕರನ್ನು ರಾಜ್ಯದ ಜಾಲಕ್ಕೇ ಕೊಡಿ ಎಂದು ಹೇಳಬೇಕಾಯಿತು. ಆಗ ಪತ್ರಿಕೆಗಳಲ್ಲಿ ಕಂಡದ್ದು ಹೆಚ್ಚಾಗಿ ‘ಹಿಂದಿನ ಸರ್ಕಾರ’, ‘ಈಗಿನ ಸರ್ಕಾರ’ ಎಂಬ ಜಗಳ.

ಕೇಂದ್ರ ವಿದ್ಯುತ್ ಪ್ರಾಧಿಕಾರ ದಿನವೂ ನಿಂತ ಘಟಕಗಳ ಪಟ್ಟಿ ಹೊರಡಿಸುತ್ತದೆ: ಯಾವ ಸ್ಥಾವರ, ಎಷ್ಟು ಮೆಗಾವಾಟ್, ಎಂದಿನಿಂದ, ಯಾವ ಕಾರಣಕ್ಕೆ. ಕೊರತೆಯ ದಿನಗಳಲ್ಲಿ ಇದರ ನಮ್ಮ ರಾಜ್ಯದ ಭಾಗವನ್ನು ನಾಯಕರ ಹೇಳಿಕೆಯ ಪಕ್ಕದಲ್ಲೇ ಅಚ್ಚು ಹಾಕಬೇಕೆಂದು ತಮ್ಮಲ್ಲಿ ವಿನಂತಿ. ಓದುವುದು ಕಷ್ಟವಲ್ಲ. ಬಾಯ್ಲರ್ ಟ್ಯೂಬ್ ಸೋರಿಕೆ ಎಂದರೆ ಬಾಯ್ಲರ್ ಆರಿಸಿ, ತೂತಾದ ತುಂಡು ಕತ್ತರಿಸಿ, ಹೊಸದನ್ನು ವೆಲ್ಡ್ ಮಾಡಿ, ನೀರಿನ ಒತ್ತಡದ ಪರೀಕ್ಷೆ ಮುಗಿಸಿ ಮತ್ತೆ ಬೆಂಕಿ ಹಾಕಬೇಕು. ಸಾಮಾನ್ಯವಾಗಿ ಎರಡು ಮೂರು ದಿನದ ಕೆಲಸ. ಎಂಟನೇ ದಿನವೂ ಅದೇ ಕಾರಣ ಬರೆದಿದ್ದರೆ, ಆ ಎಂಟು ದಿನಗಳ ಸಂಜೆ 6ರಿಂದ 10ರ ಬ್ಲಾಕ್‌ಗಳ ಬೆಲೆಯನ್ನೂ, ಅದೇ ಮಾಲೀಕರ ಬೇರೆ ಘಟಕಗಳು ಆಗ ಎಲ್ಲಿಗೆ ಮಾರುತ್ತಿದ್ದವು ಎಂಬುದನ್ನೂ ತಮ್ಮ ವರದಿಗಾರರು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದಲ್ಲಿ (ಕೆಇಆರ್‌ಸಿ) ಕೇಳಲಿ.

– ವಿದ್ಯುತ್ ಕ್ಷೇತ್ರದ ಓದುಗ, ಶಿವಮೊಗ್ಗ