ವಾಕಿಂಗ್ ಮಾಡಿ ಅಂತೀರಿ, ಎಲ್ಲಿ ಮಾಡೋದು?

ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ಶುಗರ್ ತೋರಿಸಲು ಹೋಗಿದ್ದೆ. ಡಾಕ್ಟರು ಮಾತ್ರೆ ಬರೆದು, ಚೀಟಿಯ ಕೆಳಗೆ ‘ದಿನಾ ಅರ್ಧ ಗಂಟೆ ವಾಕಿಂಗ್’ ಅಂತಲೂ ಬರೆದರು. ಮಾತ್ರೆ ಅಲ್ಲೇ ಸಿಕ್ಕಿತು. ವಾಕಿಂಗಿಗೆ ಜಾಗ ಇನ್ನೂ ಹುಡುಕುತ್ತಿದ್ದೇನೆ.

ನಾವಿರುವುದು ಶಿವಮೊಗ್ಗದಲ್ಲಿ. ಪುನರ್ವಸು ಮಳೆ ಹಿಡಿದಿದೆ. ಬೆಳಿಗ್ಗೆ ಕೊಡೆ ಹಿಡಿದು ಹೊರಟರೆ ಚರಂಡಿ ಮೇಲಿನ ಚಪ್ಪಡಿ ಒಂದು ಕಡೆ ತುಳಿದರೆ ಇನ್ನೊಂದು ಕಡೆ ಏಳುತ್ತದೆ, ಅಡಿಯ ಕೊಳಚೆ ನೀರು ಪಚಕ್ ಅಂತ ಸೀರೆಗೆ ಹಾರುತ್ತದೆ. ಅದನ್ನು ದಾಟಿದರೆ ಫುಟ್‌ಪಾತ್ ತುಂಬಾ ಬೈಕು, ಅಲ್ಲಿಂದ ರಸ್ತೆಗೆ ಇಳಿದರೆ ನಾಯಿಗಳ ಗುಂಪು. ಗಾಂಧಿ ಪಾರ್ಕ್ ಇದೆ, ನೆಹರು ಸ್ಟೇಡಿಯಂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಡೆಯೋಕೆ ಅಂತ ಅಲ್ಲಿಯವರೆಗೆ ಸ್ಕೂಟರಲ್ಲಿ ಹೋಗಬೇಕು!

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈ ಬಗ್ಗಿಸಿ ಅನ್ನುತ್ತದೆ. 2022ರ ಲೆಕ್ಕದಲ್ಲಿ ನಮ್ಮ ದೇಶದ ದೊಡ್ಡವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಅಷ್ಟೂ ಮಾಡುತ್ತಿಲ್ಲವಂತೆ. ಗಂಡಸರಲ್ಲಿ 100ಕ್ಕೆ 42, ಹೆಂಗಸರಲ್ಲಿ 57. ಮಲೆನಾಡಿನ ಹೆಂಗಸರು ಕೆಲಸ ಮಾಡಲ್ವಾ ಅಂತ ಮೊದಲು ನನಗೂ ಸಿಟ್ಟು ಬಂತು. ಆಮೇಲೆ ಹೊಸನಗರದ ಕಡೆಯ ನಮ್ಮ ತವರಿನ ನೆನಪಾಯಿತು. ಗುಡ್ಡ ಹತ್ತಿ ಸೊಪ್ಪು ತರುತ್ತಿದ್ದ ಅಮ್ಮ ಈಗ ತೋಟಕ್ಕೂ ತಮ್ಮನ ಬೈಕಲ್ಲೇ ಹೋಗುತ್ತಾಳೆ. ಅಡಿಕೆ ಸುಲಿಯುವುದೂ ಕೆಲಸವೇ, ಆದರೆ ರಾತ್ರಿ ಹನ್ನೊಂದರವರೆಗೆ ಕೂತು ಮಾಡುವ ಕೆಲಸ. ಸೊಂಟ ನೋಯುತ್ತದೆ, ಶುಗರ್ ಇಳಿಯಲ್ಲ.

ಆರೋಗ್ಯ ಇಲಾಖೆಗೆ ಜನರ ಹತ್ತಿರ ಹೋಗುವುದು ಗೊತ್ತಿಲ್ಲದ್ದೇನಲ್ಲ. ಮಂಗನ ಕಾಯಿಲೆ ಬಂದಾಗ ಆಶಾ ಕಾರ್ಯಕರ್ತೆಯರು ಕಾಡಂಚಿನ ಮನೆಮನೆಗೂ ಹೋಗಿ, ಉಣ್ಣೆ ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಕೊಟ್ಟು, ಹೇಗೆ ಹಚ್ಚಿಕೊಳ್ಳಬೇಕು ಅಂತ ಹೇಳಿಕೊಡುತ್ತಾರೆ. ಶುಗರ್, ಬಿಪಿಗೆ ಮಾತ್ರ ಪರೀಕ್ಷೆ, ಮಾತ್ರೆ, ಗೋಡೆ ಮೇಲೊಂದು ಪೋಸ್ಟರ್. ಯೋಗ ದಿನದಂದು ಒಂದು ಫೋಟೋ. ಈಗಲೇ ಕೆಲಸದ ಹೊರೆ ಹೊತ್ತಿರುವ ಆಶಾ ಅವರ ಮೇಲೆ ಇದನ್ನೂ ಹೇರಿ ಅಂತ ನಾನು ಹೇಳುತ್ತಿಲ್ಲ. ಇಲಾಖೆಯ ಸಾಹೇಬರು ನಗರದಲ್ಲಿ ಪಾಲಿಕೆಯವರ ಜೊತೆ, ಹಳ್ಳಿಯಲ್ಲಿ ಪಂಚಾಯಿತಿಯವರ ಜೊತೆ ಒಂದು ದಿನ ಕೂರಲಿ. ಫುಟ್‌ಪಾತ್ ಅಂದರೆ ಬರೀ ಎಂಜಿನಿಯರ್ ವಿಷಯ, ಶುಗರ್ ಅಂದರೆ ಬರೀ ಡಾಕ್ಟರ್ ವಿಷಯ ಅಂತ ಬಿಟ್ಟರೆ ನನ್ನಂಥವರು ಮನೆ ಜಗಲಿಯಲ್ಲೇ ಸುತ್ತಬೇಕಾಗುತ್ತದೆ. ಈಗ ಅದನ್ನೇ ಮಾಡುತ್ತಿದ್ದೇನೆ, ಹದಿನಾಲ್ಕು ಹೆಜ್ಜೆಗೆ ಗೋಡೆ ಬರುತ್ತದೆ.

ಸದ್ಯಕ್ಕೆ ದೊಡ್ಡ ಖರ್ಚೇನೂ ಬೇಡ. ಸರ್ಕಾರಿ ಶಾಲೆಯ ಮೈದಾನದ ಗೇಟು ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ತೆಗೆದಿರಲಿ. ನಮ್ಮಲ್ಲಿ ನಾಲ್ಕು ತಿಂಗಳು ಮಳೆ, ಆ ನಾಲ್ಕು ತಿಂಗಳು ಸಮುದಾಯ ಭವನಗಳಲ್ಲಿ ಮದುವೆಗಳೂ ಕಮ್ಮಿ, ಸುಮ್ನೆ ಬೀಗ ಹಾಕಿರುತ್ತಾರೆ. ಬೀಗದ ಕೈ ಯಾರ ಹತ್ತಿರ ಇದೆ ಅಂತ ತಿಳಿಸಿದರೆ ಬಾಗಿಲು ತೆಗೆದು ಕಸ ಗುಡಿಸುವುದನ್ನು ನಮ್ಮ ಬೀದಿಯ ಹೆಂಗಸರೇ ನೋಡಿಕೊಳ್ಳುತ್ತೇವೆ.

ಇಂತಿ,
ಒಬ್ಬ ಓದುಗಿ, ಶಿವಮೊಗ್ಗ