ಸೋರಿಕೆಯ ಲೆಕ್ಕಕ್ಕೆ ಅಳತೆಯ ಆಸರೆ ಬೇಕು

ಮಾನ್ಯ ಸಂಪಾದಕರೇ,

ಚಿಪ್ ವಿನ್ಯಾಸದ ಕೋರ್ಸುಗಳನ್ನು ಕುರಿತು ಈಚೆಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹದಲ್ಲಿ, ಕಂಪ್ಯೂಟರು ಮತ್ತು ಸಿಮ್ಯುಲೇಷನ್ ತಂತ್ರಾಂಶಗಳಿದ್ದರೆ ದುಬಾರಿ ಪ್ರಯೋಗಾಲಯವಿಲ್ಲದೆಯೂ ಈ ವಿಷಯವನ್ನು ಕಲಿಸಬಹುದೆಂಬ ಧ್ವನಿಯಿತ್ತು. ಸರ್ಕ್ಯೂಟುಗಳ ಮಟ್ಟಿಗೆ ಅದನ್ನು ಒಪ್ಪಬಹುದು. ಆದರೆ ಟ್ರಾನ್ಸಿಸ್ಟರಿನಲ್ಲಿ ಪ್ರವಾಹವನ್ನು ನಿಯಂತ್ರಿಸುವ ಗೇಟ್‌ಗೂ ಅದರ ಕೆಳಗಿನ ಸಿಲಿಕಾನಿಗೂ ನಡುವಿನ ತೆಳು ಅವಾಹಕ ಪದರದ ಮೂಲಕ ಎಷ್ಟು ವಿದ್ಯುತ್ ಸೋರುತ್ತದೆಂಬ ಲೆಕ್ಕಕ್ಕೆ ಆ ಮಾತು ಹೊಂದುವುದಿಲ್ಲ.

ಸಿಲಿಕಾನ್ ಡೈಆಕ್ಸೈಡ್ ಉತ್ತಮ ಅವಾಹಕ. ಆದರೂ ಅದರ ದಪ್ಪ 1.2 ನ್ಯಾನೋಮೀಟರಿನ ಆಸುಪಾಸಿಗೆ ಇಳಿದಾಗ ಎಲೆಕ್ಟ್ರಾನುಗಳು ಟನೆಲಿಂಗ್ ಮೂಲಕ, ಅಂದರೆ ತಡೆಗೋಡೆಯನ್ನು ಏರುವಷ್ಟು ಶಕ್ತಿಯಿಲ್ಲದಿದ್ದರೂ ಕ್ವಾಂಟಮ್ ಪರಿಣಾಮದಿಂದ, ಅದನ್ನು ದಾಟಿಬಿಡುತ್ತವೆ. ದಪ್ಪ ಇನ್ನೊಂದು 0.2 ನ್ಯಾನೋಮೀಟರಿನಷ್ಟು ತಗ್ಗಿದರೆ ಸೋರಿಕೆ ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಇಂಟೆಲ್ 2007ರಲ್ಲಿ 45 ನ್ಯಾನೋಮೀಟರ್ ಚಿಪ್‌ಗಳಿಗೆ ಹೆಚ್ಚು ದಪ್ಪವಿದ್ದೂ ಅದೇ ಕೆಲಸ ಮಾಡಬಲ್ಲ ಹಾಫ್ನಿಯಂ ಆಧಾರಿತ ಪದರವನ್ನು ತಂದದ್ದು ಮುಖ್ಯವಾಗಿ ಈ ಕಾರಣಕ್ಕೆ.

ತೊಡಕಿರುವುದು ಸೂತ್ರಗಳ ಬಳಕೆಯಲ್ಲಿ. ಫೌಲರ್ ಮತ್ತು ನಾರ್ಡ್‌ಹೈಮ್ 1928ರಲ್ಲಿ ಲೋಹದಿಂದ ನಿರ್ವಾತಕ್ಕೆ ಹೊರಡುವ ಎಲೆಕ್ಟ್ರಾನುಗಳಿಗಾಗಿ ಕೊಟ್ಟ ಸಮೀಕರಣವನ್ನೇ ಮುಂದೆ ಆಕ್ಸೈಡ್ ಪದರಗಳಿಗೂ ಹೊಂದಿಸಿಕೊಳ್ಳಲಾಯಿತು. ಅದರ ಘಾತದಲ್ಲಿ ತಡೆಗೋಡೆಯ ಎತ್ತರ (ಎಲೆಕ್ಟ್ರಾನು ಎದುರಿಸುವ ಶಕ್ತಿಯ ಅಡ್ಡಿ) ಮತ್ತು ಎಲೆಕ್ಟ್ರಾನಿನ ಪರಿಣಾಮಕಾರಿ ದ್ರವ್ಯರಾಶಿ (ಪದರದೊಳಗೆ ಅದಕ್ಕೆ ಇರುವಂತೆ ತೋರುವ ದ್ರವ್ಯರಾಶಿ) ಎರಡೂ ಗುಣಲಬ್ಧವಾಗಿ ಹೆಣೆದುಕೊಂಡಿರುವುದರಿಂದ, ಅಳತೆಯ ಬಿಂದುಗಳಿಗೆ ಹೊಂದಿಸಿದ ರೇಖೆಯ ಒಂದೇ ಇಳಿಜಾರಿನಿಂದ ಅವನ್ನು ಬಿಡಿಬಿಡಿಯಾಗಿ ತೆಗೆಯಲಾಗದು. ದ್ರವ್ಯರಾಶಿಯನ್ನು ಬದಲಿಸಿದರೆ ಬೇರೊಂದು ಎತ್ತರ ಸಿಗುತ್ತದೆ, ವಕ್ರರೇಖೆ ಮಾತ್ರ ಮೊದಲಿನಷ್ಟೇ ಚೆನ್ನಾಗಿ ಬಿಂದುಗಳ ಮೇಲೆ ಕೂರುತ್ತದೆ. ಪ್ರಾಜೆಕ್ಟ್ ವರದಿಗಳಲ್ಲಿ ಇಂತಹ ಹೊಂದಾಣಿಕೆಯನ್ನೇ ಪುರಾವೆಯೆಂದು ಮಂಡಿಸುವುದನ್ನು ಅಧ್ಯಾಪಕನಾಗಿ ನಾನು ಸಾಕಷ್ಟು ಕಂಡಿದ್ದೇನೆ.

ಪದರದೊಳಗಿನ ದೋಷಗಳಲ್ಲಿ ಸಿಕ್ಕಿಕೊಂಡು ಮತ್ತೆ ಬಿಡುಗಡೆಯಾಗುವ ಎಲೆಕ್ಟ್ರಾನುಗಳಿಂದ ಹರಿಯುವ ಪೂಲ್-ಫ್ರೆಂಕೆಲ್ ಪ್ರವಾಹಕ್ಕಾದರೆ ಒಂದು ಕಟ್ಟುನಿಟ್ಟಿನ ಪರೀಕ್ಷೆಯಿದೆ. ರೇಖೆಯ ಇಳಿಜಾರಿನಿಂದ ದೊರೆಯುವ ಡೈಎಲೆಕ್ಟ್ರಿಕ್ ಸ್ಥಿರಾಂಕವು (ವಸ್ತು ತನ್ನೊಳಗಿನ ವಿದ್ಯುತ್ ಕ್ಷೇತ್ರವನ್ನು ಎಷ್ಟು ತಗ್ಗಿಸುತ್ತದೆಂಬ ಅಳತೆ) ಬೆಳಕು ಆ ವಸ್ತುವಿನಲ್ಲಿ ಎಷ್ಟು ಬಾಗುತ್ತದೆಂದು ತಿಳಿಸುವ ವಕ್ರೀಭವನ ಸೂಚ್ಯಂಕದ ವರ್ಗದ ಹತ್ತಿರ ಇರಬೇಕು, 1.46 ಸೂಚ್ಯಂಕದ ಸಿಲಿಕಾನ್ ಡೈಆಕ್ಸೈಡಿಗೆ ಅದು ಸುಮಾರು 2.1. ಅದರ ಬದಲು 8 ಅಥವಾ 0.5 ಬಂದರೆ, ರೇಖೆ ಎಷ್ಟೇ ನೇರವಾಗಿರಲಿ, ಆ ಮಾದರಿಯನ್ನು ಕೈಬಿಡುವುದೇ ಸರಿ. ಜೊತೆಗೆ ಈ ಪ್ರವಾಹ ತಾಪಮಾನದೊಂದಿಗೆ ತೀವ್ರವಾಗಿ ಏರುತ್ತದೆ, ಟನೆಲಿಂಗ್ ಪ್ರವಾಹ ಅಷ್ಟಾಗಿ ಬದಲಾಗುವುದಿಲ್ಲ. ನಾಲ್ಕಾರು ತಾಪಮಾನಗಳಲ್ಲಿ ಅಳೆದರೆ ಬಹುಪಾಲು ಅನುಮಾನ ಬಗೆಹರಿಯುತ್ತದೆ. ಆದರೆ ಅಳೆಯಲು ನಿಜವಾದ ಪದರವೊಂದು ಬೇಕು, ಏಕೆಂದರೆ ದೋಷಗಳ ಸಂಖ್ಯೆ ಅದನ್ನು ಬೆಳೆಸಿದ ರೀತಿಯನ್ನು ಅವಲಂಬಿಸಿರುತ್ತದೆ. ತಂತ್ರಾಂಶಕ್ಕೆ ಆ ಸಂಖ್ಯೆಯನ್ನು ನಾವೇ ತಿಳಿಸಬೇಕು.

ಪ್ರತಿ ಕಾಲೇಜಿನಲ್ಲೂ ಚಿಪ್ ತಯಾರಿಕೆಗೆ ಬೇಕಾದ ಧೂಳುರಹಿತ ಕ್ಲೀನ್‌ರೂಮ್ ಕಟ್ಟಿರೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬೈ ಐಐಟಿಗಳಲ್ಲಿ ಹೊರಗಿನ ಸಂಶೋಧಕರಿಗೂ ನ್ಯಾನೋ ಸೌಲಭ್ಯಗಳನ್ನು ತೆರೆದ ಕೇಂದ್ರ ಸರ್ಕಾರದ ಯೋಜನೆ ನಮ್ಮ ಕಣ್ಣೆದುರಿಗಿದೆ. ಅಂತಹ ಕಡೆ ಅಳೆದ ದತ್ತಾಂಶವನ್ನಾದರೂ ವಿದ್ಯಾರ್ಥಿಗಳ ಕೈಗೆ ಕೊಡಬೇಕು. ಅವರ ವರದಿಗಳಲ್ಲಿ ಯಾವ ಮೌಲ್ಯ ಅಳೆದದ್ದು, ಯಾವುದು ಪ್ರಕಟಿತ ಪ್ರಬಂಧದಿಂದ ಪಡೆದದ್ದು, ಯಾವುದು ರೇಖೆ ಕೂರಲೆಂದು ಬದಲಿಸಿದ್ದು ಎಂಬುದನ್ನು ಪ್ರತ್ಯೇಕವಾಗಿ ಬರೆಯಿಸುವ ನಿಯಮವನ್ನು ವಿಶ್ವವಿದ್ಯಾಲಯಗಳು ಮುಂದಿನ ಶೈಕ್ಷಣಿಕ ವರ್ಷದಿಂದಲೇ ತರಬಹುದು. ಇದಕ್ಕೆ ಖರ್ಚೇನೂ ಇಲ್ಲ.

ಇಂತಿ,
ಎಲೆಕ್ಟ್ರಾನಿಕ್ಸ್ ವಿಭಾಗದ ನಿವೃತ್ತ ಅಧ್ಯಾಪಕ, ಮೈಸೂರು