ಸೇತುವೆಗೆ ಹೆಸರು ಕೊಟ್ಟ ಅಣ್ಣ

ಪ್ರೀತಿಯ ಮಂಜ,

ಹೋದ ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ವೆಲ್ಲೆಸ್ಲಿ ಸೇತುವೆ ಹತ್ತಿರ ತುಂಬಾ ಹೊತ್ತು ಕೂತಿದ್ದೆ. ನಿನ್ನ ಚಪ್ಪಲಿ ಹೋದ ಜಾಗ ನೋಡಿದೆ. ಕಾವೇರಿ ಇನ್ನೂ ವಾಪಸ್ ಕೊಟ್ಟಿಲ್ಲ. (ಈ ಪತ್ರ ಯಾರು ಬೇಕಾದರೂ ಓದಲಿ, ಚಪ್ಪಲಿ ಕಥೆ ಮಾತ್ರ ಹೇಳಲ್ಲ.)

ಹೈಸ್ಕೂಲಿನಲ್ಲಿ ನಾವು ಬೆಟ್ ಕಟ್ಟಿದ್ದು ನೆನಪಿದೆಯಾ? ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ ಹೆಸರೇ ಆ ಸೇತುವೆಗೆ ಇಟ್ಟಿರೋದು ಅಂದಿದ್ದೆ ನಾನು. ಸೋತೆ ಕಣೋ. ದಿವಾನ್ ಪೂರ್ಣಯ್ಯ 1804ರಲ್ಲಿ ಕಟ್ಟಿಸಿ ಮುಗಿಸಿದ ಆ ಸೇತುವೆಗೆ ಇರುವುದು ಆರ್ಥರ್‌ನ ಅಣ್ಣನ ಹೆಸರು. ಆಗಿನ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ. ಇದು ಗೊತ್ತಾದಾಗಿನಿಂದ ಆ ಅಣ್ಣ ನನ್ನ ತಲೆ ಬಿಟ್ಟು ಹೋಗುತ್ತಿಲ್ಲ.

ರಿಚರ್ಡ್ ಹುಟ್ಟಿದ್ದು 1760ರಲ್ಲಿ, ಐರ್ಲೆಂಡಿನಲ್ಲಿ. ಅಪ್ಪ ಮಾರ್ನಿಂಗ್ಟನ್‌ನ ಅರ್ಲ್. ಹೆಸರಿಗೆ ದೊಡ್ಡ ಮನೆತನ, ಆದರೆ ಅಪ್ಪನಿಗೆ ಸಂಗೀತವೇ ಪ್ರಪಂಚ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಸಂಗೀತದ ಪ್ರೊಫೆಸರ್ ಆಗಿದ್ದ. 1781ರಲ್ಲಿ ಅವನು ತೀರಿಕೊಂಡಾಗ ಹಿರಿಮಗನ ತಲೆ ಮೇಲೆ ಪದವಿಯೂ ಬಂತು, ಸಾಲವೂ ಬಂತು. ಆಕ್ಸ್‌ಫರ್ಡ್ ಓದು ಅರ್ಧಕ್ಕೇ ನಿಂತಿತು. ಆಗ ಆರ್ಥರ್ ಇನ್ನೂ ಹುಡುಗ. ಮುಂದೆ ಅವನಿಗೆ ಸೈನ್ಯದಲ್ಲೊಂದು ಕೆಲಸ ಕೊಡಿ ಅಂತ ಐರ್ಲೆಂಡಿನ ವೈಸ್‌ರಾಯ್‌ಗೆ ಪತ್ರ ಬರೆದು ಕೇಳಿಕೊಂಡವನೂ ಈ ಅಣ್ಣನೇ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಬ್ರಿಟಿಷ್ ಪಡೆಯ ಮುಂದೆ ಇದ್ದವನು ಜನರಲ್ ಬೇರ್ಡ್. ಆಮೇಲೆ ಪಟ್ಟಣದ ಅಧಿಕಾರ ಸಿಕ್ಕಿದ್ದು ಆರ್ಥರ್‌ಗೆ. ಅಣ್ಣನ ದೆಸೆಯಿಂದ ಸಿಕ್ಕಿತು ಅಂತ ಜನ ಆಡಿಕೊಂಡರು. ನಮ್ಮ ಊರಿಗೆ ಇವರು ಮಾಡಿದ್ದನ್ನು ಮರೆತು ಹೊಗಳುತ್ತಿಲ್ಲ ಮಂಜ. ಟಿಪ್ಪು ಬಿದ್ದ ಜಾಗದಲ್ಲಿ ನಿಂತರೆ ನನಗೆ ಈಗಲೂ ಎದೆ ಭಾರವಾಗುತ್ತದೆ.

ಆ ಗೆಲುವಿಗೆ ರಿಚರ್ಡ್‌ಗೆ ಸಿಕ್ಕಿದ್ದು ಮಾರ್ಕ್ವಿಸ್ ಪದವಿ. ಅದೂ ಐರ್ಲೆಂಡಿನದ್ದು, ಹೆಚ್ಚು ಬೆಲೆಯಿದ್ದ ಇಂಗ್ಲೆಂಡಿನದ್ದಲ್ಲ. ಎರಡು ಸಲ ಚಿನ್ನದ ನೀರು ಬಳಿದ ಆಲೂಗಡ್ಡೆ ಅಂತ ಅದನ್ನು ಕರೆದ. ಅಷ್ಟು ನೋವಾಗಿತ್ತು. ಆ ಪದವಿಗೆ ವಾರಸುದಾರರೂ ಇರಲಿಲ್ಲ. ಇಯಾಸಿಂತ್ ರೋಲಾಂ ಎಂಬ ಫ್ರೆಂಚ್ ಹೆಣ್ಣುಮಗಳಿಂದ 5 ಮಕ್ಕಳು. ಅವಳನ್ನು ಮದುವೆಯಾದದ್ದು ಆಮೇಲೆ, 1794ರಲ್ಲಿ. ಹಾಗಾಗಿ ಕಾನೂನಿನ ಪ್ರಕಾರ ಮಕ್ಕಳಿಗೆ ಪದವಿ ಇಲ್ಲ. ಅವಳು ಇಂಡಿಯಾಕ್ಕೆ ಬರಲೇ ಇಲ್ಲ.

1828ರಲ್ಲಿ ಆರ್ಥರ್ ಬ್ರಿಟನ್ನಿನ ಪ್ರಧಾನಿಯಾದ. ಅಣ್ಣ ಆಗ ಐರ್ಲೆಂಡಿನ ವೈಸ್‌ರಾಯ್. ಕ್ಯಾಥೊಲಿಕರಿಗೂ ಹಕ್ಕು ಕೊಡಬೇಕು ಅನ್ನುವವನು. ತಮ್ಮ ಒಪ್ಪಲಿಲ್ಲ. ಅಣ್ಣ ರಾಜೀನಾಮೆ ಕೊಟ್ಟ. ಮರುವರ್ಷ ಅದೇ ಕಾನೂನು ತಂದವನು ಅದೇ ತಮ್ಮ!

ಇಲ್ಲಿ ಓದು ನಿಲ್ಲಿಸಿಬಿಟ್ಟೆ.

ನಮ್ಮ ತಮ್ಮನ ಗೃಹಪ್ರವೇಶಕ್ಕೆ ನೀನು ಬರಲಾಗಲಿಲ್ಲ. ಅವತ್ತು ಅವನ ಆಫೀಸಿನವರು ಯಾರೋ ನನ್ನನ್ನು ಯಾರು ಅಂತ ಕೇಳಿದರು. "ನಮ್ಮಣ್ಣ, ಊರಲ್ಲೇ ಅಂಗಡಿ ನೋಡ್ಕೊಂಡಿದಾರೆ" ಅಂದ. ಅದರಲ್ಲಿ ತಪ್ಪೇನಿದೆ? ನಿಜವೇ ಅಲ್ವಾ? ಆದರೆ ಎಲೆ ಮುಂದೆ ಕೂತಾಗ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಹಾಸ್ಟೆಲ್ ಫೀಸು, ಮಾರಿದ ಬೈಕು, ನಾನು ಕಟ್ಟದೇ ಹೋದ ಬಿ.ಕಾಂ. ಕೊನೇ ವರ್ಷದ ಪರೀಕ್ಷೆ, ಎಲ್ಲ ಸಾಲಾಗಿ ನೆನಪಾದವು. ಒಂದು ರೂಪಾಯಿ ಆಚೀಚೆ ಇಲ್ಲ. ಪ್ರೀತಿಯಿಂದ ಮಾಡಿದೆ ಅಂದುಕೊಂಡಿದ್ದೆ ಮಂಜ. ಇಷ್ಟು ವರ್ಷ ಲೆಕ್ಕ ಬರೆದಿಡುತ್ತಿದ್ದೆ. ಅವನು ಗೆದ್ದಾಗ ಪೂರ್ತಿ ಖುಷಿಪಡಲು ನನಗೆ ಆಗಲಿಲ್ಲ. ಇದನ್ನು ಹೆಂಡತಿಗೂ ಹೇಳಿಲ್ಲ.

ತಾಂಬೂಲ ತೆಗೆದುಕೊಳ್ಳದೆ ಹೊರಟುಬಿಟ್ಟಿದ್ದೆ. ಅವನು ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿ ಬಂದ. "ಅಣ್ಣಾ, ಕಾಯಿ ಬಿಟ್ಟು ಹೊರಟ್ಯಲ್ಲ" ಅಂತ ಚೀಲ ಕೈಗಿಟ್ಟ. ಮೈಯೆಲ್ಲ ಬೆವರಿತ್ತು, ಹಣೆಯ ಕುಂಕುಮ ಮೂಗಿನವರೆಗೆ ಇಳಿದಿತ್ತು.

ಸರಿ ಬಿಡು, ಜಾಸ್ತಿ ಬರೆದೆ. ಆ ಕಾಯಿ ಇವತ್ತು ಬೆಳಿಗ್ಗೆ ಚಟ್ನಿ ಆಯಿತು, ತುಂಬಾ ಚೆನ್ನಾಗಿತ್ತು. ಬೆಟ್ ಸೋತಿದ್ದಕ್ಕೆ ನಿನಗೆ ಎರಡು ಮಸಾಲೆ ದೋಸೆ ಬಾಕಿ ಇದೆ. ದಸರಾಕ್ಕೆ ಬಾ. ಹೊಳೆಗೆ ಹೋಗೋಣ. ಹಳೇ ಚಪ್ಪಲಿ ಹಾಕಿಕೊಂಡು ಬಾ.

ನಿನ್ನ,
ಅಂಗಡಿ ಸೀನ